ತಂಬಾಕಿನ ವಖಾರಿಯಲ್ಲಿ ಸೈನಿಕ ಶಿಬಿರ

ನನ್ನ ಭಾವ, ಅಂದರೆ ನನ್ನ ಗಂಡನ ಅಣ್ಣ, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತಿಯಾಗಿ ಅಕ್ಕೋಳದ ಮನೆಗೆ ಬಂದು ಕೂತ ಮೇಲೆ ನಮ್ಮ ಮನೆತನದಲ್ಲಿ ಅವರ ಮಾತಿಗೆ ಎದುರು ಮಾತು ಇರಲಿಲ್ಲ. ನಾನಂತೂ ಮದುವೆಯಾಗಿ ಹದಿಮೂರು ವರ್ಷ ಅವರ ಮುಂದೆ ತಲೆಯ ಮೇಲಿನ ಸೆರಗು ಜಾರಗೊಡದೆ, ನೇರವಾಗಿ ಒಂದು ಮಾತೂ ಆಡದೆ ಕಳೆದವಳು. ಏನಾದರೂ ಹೇಳಬೇಕಾದರೆ ಅತ್ತೆಗೆ ಹೇಳುತ್ತಿದ್ದೆ, ಅತ್ತೆ ಅವರಿಗೆ ಹೇಳುತ್ತಿದ್ದರು. ಅವರು ಪಕ್ಕದ ಕೋಣೆಯಲ್ಲೇ ಕೂತಿದ್ದರೂ ಅದೇ ರೀತಿ. ಅಂಥವರನ್ನು ನಾನು ಒಂದು ಮದುವೆಯ ಪಂಕ್ತಿಯ ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದೆ. ಇಡೀ ಊರು ಕೇಳಿಸಿಕೊಂಡಿತು. ಅಲ್ಲಿಯವರೆಗೆ ಹೇಗೆ ಬಂದೆ ಅನ್ನುವುದನ್ನು ಹೇಳುತ್ತೇನೆ.

ನಾವಿದ್ದದ್ದು ಚಿಕ್ಕೋಡಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಬ್ಬ ಜೈನ ಅಜ್ಜಿಯ ಮನೆಯ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದು. ನಾನು ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡುತ್ತಿದ್ದೆ, ನನ್ನ ಗಂಡ ಒಂದು ಕಚೇರಿಯಲ್ಲಿ ಗುಮಾಸ್ತರು. ಒಬ್ಬನೇ ಮಗ. ಎಂಬತ್ತರ ದಶಕದ ನಡುವಿನ ಆ ವರ್ಷ ಅವನಿಗೆ ಹನ್ನೊಂದು ತುಂಬಿತ್ತು. ಮೈ ತೆಳು, ಮಾತು ಕಡಿಮೆ. ಯಾವುದೇ ಕೆಲಸಕ್ಕೆ ಕೈ ಹಾಕುವ ಮೊದಲು ಅದನ್ನು ಸ್ವಲ್ಪ ಹೊತ್ತು ನೋಡುತ್ತ ನಿಲ್ಲುವುದು ಅವನ ಸ್ವಭಾವ. ಶಾಲೆ ಬಿಟ್ಟ ಮೇಲೆ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಅಥಣಿ ಬಸ್ಸು ಎಷ್ಟು ಹೊತ್ತಿಗೆ, ರಾಯಬಾಗದ್ದು ಯಾವ ದಾರಿಯಿಂದ, ಕಾಗವಾಡಕ್ಕೆ ಹೋಗುವವರು ಎಲ್ಲಿ ಇಳಿದು ಬಸ್ಸು ಬದಲಿಸಬೇಕು, ಎಲ್ಲ ಅವನ ಬಾಯಲ್ಲಿ. ಹೊಸ ಪ್ರಯಾಣಿಕರು ವಿಚಾರಣೆಯ ಕಿಟಕಿಯ ಬದಲು ಅವನನ್ನು ಕೇಳುತ್ತಿದ್ದರು. ಕಂಡಕ್ಟರುಗಳಿಗೆಲ್ಲ ಅವನ ಪರಿಚಯ.

ಆ ಮಾಘದಲ್ಲಿ ಭಾವನವರು ಅಕ್ಕೋಳದ ಮನೆಯ ಮೇಲೆ ಇನ್ನೊಂದು ಮಜಲು ಕಟ್ಟಿ ವಾಸ್ತುಶಾಂತಿ ಮಾಡಿದರು. ಊಟವಾದ ಮೇಲೆ ಹುಡುಗರೆಲ್ಲ ಅರ್ಧ ಕಟ್ಟಿದ ಗೋಡೆಯಿಂದ ಕೆಳಗಿನ ಉಸುಕಿನ ರಾಶಿಗೆ ಜಿಗಿಯುವ ಆಟ ಹೂಡಿದ್ದರು. ನನ್ನ ಮಗನೂ ಹತ್ತಿದ. ಕೆಳಗೆ ನೋಡಿದ. ಉಸುಕಿನಲ್ಲಿ ಒಂದು ಕಬ್ಬಿಣದ ಸರಳು ಅರ್ಧ ಮುಚ್ಚಿಕೊಂಡಿತ್ತು, ಅದನ್ನು ನೋಡಿದೆ ಎಂದು ಆಮೇಲೆ ನನಗೆ ಹೇಳಿದ. ಆ ಹೊತ್ತಿಗೆ ಮಾತ್ರ ಏನೂ ಹೇಳದೆ ಮೆಟ್ಟಿಲು ಇಳಿದು ಬಂದ.

ಭಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತ ನಲವತ್ತು ಐವತ್ತು ಜನ ಬೀಗರು, ಬಿಜ್ಜರು.

"ಇವನ ಕೈಗೆ ಬಳಿ ಇಡಸ್ರಿ," ಅಂದರು. "ನಮ್ಮ ಮನೆತನದಾಗ ಇಂಥಾ ಗಂಡಸ ಹುಟ್ಟಿದ್ದಿಲ್ಲ. ಸಾಲಿ ಕಲಿಸೋ ಹೆಂಗಸಿನ ಸೆರಗ ಹಿಡಕೊಂಡ ಬೆಳದ್ರ ಹಿಂಗ ಆಗೂದ."

ಎಲ್ಲರೂ ನಕ್ಕರು. ಅಷ್ಟಕ್ಕೇ ಮುಗಿದಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ನನ್ನ ನೆಗೆಣ್ಣಿ, ಭಾವನ ಹೆಂಡತಿ, ಒಳಗಿನಿಂದ ನಿಜವಾಗಿಯೂ ಎರಡು ಹಸಿರು ಗಾಜಿನ ಬಳೆ ತಂದು ಹುಡುಗನ ಮುಂದೆ ಹಿಡಿದಳು. ಅವನು ಅವನ್ನೂ ಸ್ವಲ್ಪ ಹೊತ್ತು ನೋಡಿದ. "ನನಗ ಬ್ಯಾಡ್ರಿ ದೊಡ್ಡವ್ವ," ಅಂದ. ಜನ ಇನ್ನೂ ಜೋರಾಗಿ ನಕ್ಕರು. ನನ್ನ ಗಂಡ ತಲೆ ತಗ್ಗಿಸಿಕೊಂಡು ಅಡಿಕೆ ಕತ್ತರಿಸುತ್ತಿದ್ದರು. ಅವರೂ ನಕ್ಕಂತೆ ನನಗೆ ಕಂಡಿತು. ಇಲ್ಲ ಎಂದು ಅವರು ಕೊನೆಯವರೆಗೂ ಹೇಳಿದರು.

ಹೊರಡುವಾಗ ಭಾವ ತಮ್ಮನಿಗೆ ಹೇಳಿದ ಇನ್ನೊಂದು ಮಾತು ನನ್ನ ಕಿವಿಗೆ ಬಿತ್ತು. "ನಿಪ್ಪಾಣಿಯಾಗ ಈ ಬ್ಯಾಸಗಿಗೆ ಸೈನಿಕ ಶಿಬಿರ ಮಾಡ್ತಾರಂತ. ಒಂದ ತಿಂಗಳ. ಒಳ್ಳೇ ಹುಡುಗರ ಬರ್ತಾರ. ಇಂಥವನ್ನ ತಗೋತಾರೋ ಇಲ್ಲೋ, ನನಗ ಅನುಮಾನ."

ಬಸ್ಸು ಚಿಕ್ಕೋಡಿ ಮುಟ್ಟುವುದರೊಳಗೆ, ಇವನನ್ನು ಸೈನಿಕನನ್ನಾಗಿ ಮಾಡಿ, ಆ ಅಂಗಳದಲ್ಲೇ, ಆ ಕುರ್ಚಿಯ ಮುಂದೆಯೇ ನಿಲ್ಲಿಸುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಎರಡು ವಾರಕ್ಕೆ ಅಂಚೆಯಲ್ಲಿ ಒಂದು ಕರಪತ್ರ ಬಂತು. ಕಳಿಸಿದವರ ಹೆಸರಿಲ್ಲ. ಮೂವತ್ತು ದಿನದ ಸೈನಿಕ ತರಬೇತಿ, ನಿವೃತ್ತ ಯೋಧರಿಂದ ಕವಾಯತು, ಈಜು, ಬಂದೂಕಿನ ಅಭ್ಯಾಸ, ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಗಣಿತ ಮತ್ತು ಇಂಗ್ಲಿಷ್ ಪಾಠ. ಶುಲ್ಕ ಹೆಚ್ಚುಕಡಿಮೆ ನನ್ನ ಒಂದು ತಿಂಗಳ ಪಗಾರದಷ್ಟು. ಸಮವಸ್ತ್ರ, ಬೂಟು, ಟ್ರಂಕು ಬೇರೆ, ಅವನ್ನು ಶಿಬಿರದಲ್ಲೇ ಕೊಳ್ಳಬೇಕು.

ಕೊಡುವುದೋ ಬಿಡುವುದೋ ಎಂದು ನಾನು ನಾಲ್ಕು ಜನರನ್ನು ಕೇಳಿದೆ. ಕೇಳಿದೆ ಎಂದು ಹೇಳಿಕೊಳ್ಳುವುದಕ್ಕಷ್ಟೇ ಕೇಳಿದ್ದು. ನಮ್ಮ ಓಣಿಯಲ್ಲಿ ಸೈನ್ಯದಿಂದ ರಜೆಗೆ ಬಂದಿದ್ದ ಒಬ್ಬ ಜವಾನ ಇದ್ದ. ಪಾಪದ ಹುಡುಗ, ನನ್ನ ಕೈಯಲ್ಲೇ ಕಲಿತವನು. ಕರಪತ್ರ ಓದಿ ಮಡಚಿ ಕೈಗೆ ಕೊಟ್ಟ.

"ಬಾಯಾರ, ಒಂದ ತಿಂಗಳದಾಗ ಯಾರನ್ನೂ ಏನೂ ಮಾಡಾಕ ಆಗೂದಿಲ್ರಿ. ಈ ರೊಕ್ಕದಾಗ ವರ್ಷಪೂರ್ತಿ ಹುಡುಗಗ ಹಾಲ, ಶೇಂಗಾ ತಿನಸ್ರಿ. ಮುಂಜಾನೆ ಓಡ್ಲಿ. ಗಣಿತ ನೀವ ಹೇಳಿಕೊಡ್ರಿ. ಪರೀಕ್ಷಾದಾಗ ಕೇಳೂದ ಅದನ್ನ."

"ಅಲ್ಲಿ ಶಿಸ್ತು ಕಲಸ್ತಾರಲ್ಲಪಾ," ಅಂದೆ.

"ಹೋಗಿ ನೋಡೀರೇನ್ರಿ ಅಲ್ಲಿ ಯಾರ ಕಲಸ್ತಾರಂತ?"

ನೋಡಿರಲಿಲ್ಲ. ನೋಡಲು ಹೋಗಲೂ ಇಲ್ಲ.

ಮನೆಯ ಮಾಲಕಿ ಅಜ್ಜಿ ಸಂಜೆ ಹೊತ್ತು ಮುಳುಗುವ ಮೊದಲೇ ಉಂಡು ಕಟ್ಟೆಗೆ ಬಂದು ಕೂಡುತ್ತಿದ್ದಳು. ಅವಳಿಗೆ ಬಂದೂಕು, ಬೂಟು ಎಂದರೇ ಆಗದು, ಅದಕ್ಕೆ ಬೇಡ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನು ಎತ್ತಲೇ ಇಲ್ಲ. "ಹುಡುಗನ್ನ ಕೇಳಿಯೇನವಾ?" ಅಂದಳು. ಅವನಿಗೇನು ತಿಳಿಯುತ್ತದೆ ಎಂದೆ. "ಬಸ್ಸಿನ ಟೈಮು ಊರಿಗೆಲ್ಲ ಅಂವನ ಹೇಳ್ತಾನ," ಅಂದಳು ಅಜ್ಜಿ.

ನನ್ನ ಗಂಡ ಒಮ್ಮೆ ಬೇಡ ಅಂದರು, ಒಮ್ಮೆ ನಿನ್ನ ಮರ್ಜಿ ಅಂದರು. ಹೊರಗಿನಿಂದ ಬಿ.ಎ. ಪರೀಕ್ಷೆಗೆ ಕಟ್ಟಬೇಕೆಂದು ನಾನು ಎರಡು ವರ್ಷದಿಂದ ಕೂಡಿಸಿಟ್ಟ ಹಣ ಇತ್ತು. ಅದನ್ನು ತೆಗೆದೆ. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ, ಈ ಬೇಸಿಗೆ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹುಡುಗನಿಗೆ ಎಲ್ಲ ತೀರ್ಮಾನವಾದ ಮೇಲೆ ತಿಳಿಸಿದೆ. ಅವನು ಒಂದೇ ಪ್ರಶ್ನೆ ಕೇಳಿದ: "ಇದು ದೊಡ್ಡಪ್ಪ ಅಂದದ್ದಕ್ಕೇನವ್ವಾ?" ನಾನು ಇಲ್ಲ ಅಂದೆ.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿದ್ದ ಮರುದಿನವೇ ಅವನನ್ನು ಕರೆದುಕೊಂಡು ನಿಪ್ಪಾಣಿಗೆ ಹೋದೆ. ಶಿಬಿರ ಇದ್ದದ್ದು ಊರ ಹೊರಗೆ, ಒಂದು ಹಳೆಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ. ತಂಬಾಕು ಖಾಲಿ ಮಾಡಿ ಎಷ್ಟೋ ದಿನ ಆಗಿದ್ದರೂ ಘಾಟು ಗೋಡೆಯಲ್ಲೇ ಕೂತಿತ್ತು. ಒಳಗೆ ಕಾಲಿಟ್ಟ ಕೂಡಲೇ ಮಗ ಸೀನತೊಡಗಿದ. ಉಳಿದ ಹುಡುಗರೂ ಸೀನುತ್ತಿದ್ದರು. ಮೇಜಿನ ಹಿಂದೆ ಕೂತ ಕಾರಕೂನ ದುಡ್ಡು ತೆಗೆದುಕೊಂಡು, "ಯಾರ ಕಡಿಂದ ಬಂದ್ರಿ?" ಎಂದು ಕೇಳಿದ.

"ಯಾರ ಕಡಿಂದನೂ ಅಲ್ಲ. ನಾವ ಬಂದೀವಿ."

ಅವನು ಅಡ್ಡಹೆಸರು ಕೇಳಿದ, ಊರು ಕೇಳಿದ. ಮೂಲ ಊರು ಅಕ್ಕೋಳ ಅಂದೆ. ಒಂದು ಪಟ್ಟಿ ತೆಗೆದು ನೋಡಿ, ಪುಸ್ತಕದಲ್ಲಿ ಮಗನ ಹೆಸರಿನ ಪಕ್ಕ ಏನೋ ಒಂದು ಗುರುತು ಹಾಕಿಕೊಂಡ. ನನಗೆ ಅದರ ಅರ್ಥ ಆಗಲಿಲ್ಲ, ಕೇಳಲೂ ಇಲ್ಲ. ಬೂಟುಗಳು ಅವನ ಕಾಲಿಗೆ ಎರಡು ಬೆರಳು ದೊಡ್ಡವಾಗಿದ್ದವು. ಬೆಳೆಯುವ ಹುಡುಗ, ನಡೆಯುತ್ತದೆ ಅಂದರು. ನಾನೂ ನಡೆಯುತ್ತದೆ ಅಂದೆ.

ಅವನಿಂದ ಒಂದು ಕಾರ್ಡು ಬಂತು. "ನಾನು ಕ್ಷೇಮ. ತರಬೇತಿ ಚೆನ್ನಾಗಿ ನಡೆದಿದೆ. ಜೈ ಹಿಂದ್." ಅಕ್ಷರ ಅವನದು, ಮಾತು ಅವನದಲ್ಲ. ಅದನ್ನು ನಾನು ಅಕ್ಕೋಳಕ್ಕೆ ಹೋದಾಗ ಅತ್ತೆಗೆ ಓದಿ ಹೇಳಿದೆ, ಪಕ್ಕದ ಕೋಣೆಗೆ ಕೇಳಿಸುವ ಹಾಗೆ.

ಹನ್ನೆರಡನೆಯ ದಿನ, ಮುಂಜಾನೆ ಎಂಟರ ಹೊತ್ತಿಗೆ, ನಾನು ರೊಟ್ಟಿ ಬಡಿಯುತ್ತಿರುವಾಗ ಮಗ ಬಾಗಿಲಲ್ಲಿ ಬಂದು ನಿಂತ. ಬೂಟುಗಳನ್ನು ಲೇಸು ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದ. ಹಿಮ್ಮಡಿ ಎರಡೂ ಸುಲಿದು ಕೀವು ತುಂಬಿತ್ತು.

"ಅಳಾಕ ಬಂದಿಲ್ಲವ್ವಾ," ಅಂದ. "ಹೇಳಾಕ ಬಂದೀನಿ."

ಕಟ್ಟೆಯ ಮೇಲೆ ಕೂತು ಒಂದೊಂದಾಗಿ ಹೇಳಿದ. ಕಲಿಸುವವರಲ್ಲಿ ಇಬ್ಬರು ಕಾರಖಾನೆಯ ವಾಚಮನ್‌ಗಳು, ಸೈನಿಕರಲ್ಲ. ಬಂದೂಕು ಕಟ್ಟಿಗೆಯವು. ಗಣಿತದ ಪಾಠ ಒಂದು ದಿನವೂ ಆಗಿಲ್ಲ. ತಪ್ಪಿದರೆ ಟ್ರಂಕು ತಲೆಯ ಮೇಲಿಟ್ಟು ಬಿಸಿಲಲ್ಲಿ ನಿಲ್ಲಿಸುತ್ತಾರೆ. ಒಬ್ಬ ಹುಡುಗ ಹಾಗೆ ನಿಂತು ಬಿದ್ದ, ಹಲ್ಲು ಮುರಿಯಿತು, ಮನೆಗೆ ತಿಳಿಸಿಲ್ಲ. ಕಾರ್ಡು ಬರೆಯುವಾಗ ಹಲಗೆಯ ಮೇಲೆ ಬರೆದದ್ದನ್ನೇ ಎಲ್ಲರೂ ನಕಲು ಮಾಡಬೇಕು. ಈಜು ಮಾತ್ರ ಚಲೋ ಕಲಿಸುತ್ತಾರೆ, ಪಕ್ಕದ ತೋಟದ ಬಾವಿಯಲ್ಲಿ. ಕಲಿಸುವಾತ ತೋಟದ ಮುದುಕ.

ಒಬ್ಬನೇ ಬಂದಿರಲಿಲ್ಲ. ರಾಯಬಾಗ ಕಡೆಯ ದಿಗ್ಗೇವಾಡಿಯ ಹುಡುಗ ಒಬ್ಬ, ಅಥಣಿ ಕಡೆಯ ತೆಲಸಂಗದವನೊಬ್ಬ, ಇಬ್ಬರನ್ನೂ ಕರೆದುಕೊಂಡು ಮುಂಜಾನೆ ಓಟದ ಹೊತ್ತಿನಲ್ಲಿ ಸಾಲಿನಿಂದ ಹಿಂದುಳಿದು, ಹೊಲದ ದಾರಿ ಹಿಡಿದು, ನಿಪ್ಪಾಣಿಯಿಂದ ಮೊದಲ ಬಸ್ಸು ಹತ್ತಿದ್ದ. ತೆಲಸಂಗದ ಹುಡುಗನ ಅಜ್ಜಿ ಅವನ ಬನಿಯನ್ನಿನ ಒಳಗೆ ಹೊಲಿದು ಕೊಟ್ಟ ನೋಟು ಟಿಕೀಟಿಗೆ ಆಗಿತ್ತು. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಒಬ್ಬನನ್ನು ರಾಯಬಾಗದ ಬಸ್ಸಿಗೆ, ಇನ್ನೊಬ್ಬನನ್ನು ಅಥಣಿಯದಕ್ಕೆ ಹತ್ತಿಸಿ, ಎಲ್ಲಿ ಇಳಿಸಬೇಕೆಂದು ಕಂಡಕ್ಟರುಗಳಿಗೆ ಹೇಳಿ, ಆಮೇಲೆ ಮನೆಗೆ ಬಂದಿದ್ದ.

ಇವತ್ತು ಬರೆಯುವಾಗ ನನಗೆ ಕಾಣುತ್ತದೆ, ಹನ್ನೊಂದು ವರ್ಷದ ಹುಡುಗ ಎಂಥ ಕೆಲಸ ಮಾಡಿದ್ದ ಎಂದು. ಅವತ್ತು ನನಗೆ ಕಂಡದ್ದು ಭಾವನ ಅಂಗಳ. ಓಡಿ ಬಂದ ಅಂದರೆ ಅಲ್ಲಿ ಏನು ನಗೆಯಾಗುತ್ತದೆ ಎಂಬುದಷ್ಟೇ. ಅವನ ಕಾಲು ತೊಳೆದೆ, ಬೇವಿನ ನೀರು ಹಾಕಿದೆ, ಅರಿವೆ ಸುತ್ತಿದೆ, ಬಿಸಿ ರೊಟ್ಟಿ ಉಣಿಸಿದೆ. ಮರುದಿನ ಮುಂಜಾನೆ ಎಬ್ಬಿಸಿ ನಿಪ್ಪಾಣಿಗೆ ಹೊರಡಿಸಿದೆ.

ನನ್ನ ಗಂಡ ಬಾಗಿಲಿಗೆ ಅಡ್ಡ ನಿಂತರು. "ಬ್ಯಾಡ. ರೊಕ್ಕ ಹೋದ್ರ ಹೋಗ್ಲಿ."

"ನಿಮ್ಮ ಅಣ್ಣಾರ ಮುಂದ ನಕ್ಕೋತ ಅಡಕಿ ಕತ್ತರಿಸೋವಾಗ ಈ ಮಾತ ಎಲ್ಲಿ ಹೋಗಿತ್ತು?" ಅಂದೆ. ಅವರು ಪಕ್ಕಕ್ಕೆ ಸರಿದರು.

ಬಸ್ಸಿನಲ್ಲಿ ನಾನು ಮೂರು ಸಲ ಮಾತು ತೆಗೆದೆ. ಇನ್ನು ಹದಿನೆಂಟು ದಿನ ಅಂದೆ. ಬೂಟಿನೊಳಗೆ ಹತ್ತಿ ಇಟ್ಟಿದ್ದೇನೆ ಅಂದೆ. ವಖಾರಿಯ ಮುಂದೆ ನನಗಿಂತ ಮೊದಲೇ ಇಳಿದು, ಹಿಂದೆ ನೋಡದೆ ಒಳಗೆ ನಡೆದುಹೋದ. ನಾನು ಅಲ್ಲಿಯ ಮುಖ್ಯಸ್ಥನಿಗೆ, "ಕಾಲ ವಾಸಿ ಆಗೂತನ ಓಡಸಬ್ಯಾಡ್ರಿ," ಎಂದು ಹೇಳಿ ಬಂದೆ. ಅವನು ಹೌದು ಹೌದು ಅಂದ. ಮಗನನ್ನು ಎಂಟು ದಿನ ಟ್ರಂಕು ಹೊರಿಸಿ ನಿಲ್ಲಿಸಿದರು ಎಂಬುದು ನನಗೆ ಬೇರೆಯವರಿಂದ ಗೊತ್ತಾಯಿತು. ಅವನು ಹೇಳಲೇ ಇಲ್ಲ.

ಮುಕ್ತಾಯದ ದಿನ ಪಾಲಕರಿಗೆಲ್ಲ ಕರೆ ಇತ್ತು. ನನ್ನಲ್ಲಿದ್ದ ಒಂದೇ ಒಳ್ಳೆಯ ಇಳಕಲ್ಲ ಸೀರೆ ಉಟ್ಟು ಹೋದೆ. ವಖಾರಿಯ ಮುಂದಿನ ಬಯಲಲ್ಲಿ ಶಾಮಿಯಾನ, ಎತ್ತರದಲ್ಲಿ ಮೂರು ಕುರ್ಚಿ. ನಡುವಿನ ಕುರ್ಚಿಯಲ್ಲಿ, ಹಳೆಯ ಪದಕಗಳನ್ನೆಲ್ಲ ಎದೆಗೆ ಚುಚ್ಚಿಕೊಂಡು, ನನ್ನ ಭಾವ. ಅತಿಥಿಯಾಗಿ ಕರೆದಿರಬೇಕು ಎಂದುಕೊಂಡೆ. ಒಳ್ಳೆಯದೇ ಆಯಿತು, ಅವರ ಕಣ್ಣ ಮುಂದೆಯೇ ನನ್ನ ಮಗ ಹೆಜ್ಜೆ ಹಾಕುತ್ತಾನೆ ಎಂದು ಹಿಗ್ಗಿದೆ. ಮಗ ಹಾಕಿದ. ಕರಿದಾಗಿದ್ದ, ಕೆನ್ನೆ ಒಳಗೆ ಹೋಗಿತ್ತು, ಹೆಜ್ಜೆ ತಪ್ಪಲಿಲ್ಲ. ಭಾವ ಅವನ ಕಡೆ ನೋಡಲೂ ಇಲ್ಲ, ಪಕ್ಕದವನ ಕಿವಿಯಲ್ಲಿ ಏನೋ ಹೇಳುತ್ತಿದ್ದರು.

ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತವಳು ದಿಗ್ಗೇವಾಡಿಯ ಹುಡುಗನ ತಾಯಿ. ಅವಳೂ ನನ್ನಂತೆಯೇ ಓಡಿ ಬಂದ ಮಗನನ್ನು ತಿರುಗಿ ತಂದು ಬಿಟ್ಟವಳು. ಹೀಗೇ ಮಾತಿಗೆ, ಇಲ್ಲಿಗೆ ಯಾಕೆ ಕಳಿಸಿದಿರಿ ಎಂದು ಕೇಳಿದೆ.

"ಏನ ಹೇಳೂದ್ರಿ," ಅಂದಳು. "ನಮ್ಮ ಮೈದುನನ ಮದವಿಗೆ ಒಬ್ಬಾಂವ ದೊಡ್ಡ ಮನಷ್ಯಾ ಬಂದಿದ್ದ. ಮಂದಿ ಮುಂದ ನನ್ನ ಮಗನ ಕೈಗೆ ಬಳಿ ಇಡಸ್ರಿ ಅಂದ. ನಾ ರಾತ್ರಿ ನಿದ್ದಿ ಮಾಡಲಿಲ್ರಿ. ಆಮ್ಯಾಲ ಚೀಟಿ ಬಂತ ಅಂಚ್ಯಾಗ."

"ಯಾರವ್ರು?" ಅಂದೆ.

ಅವಳು ನಡುವಿನ ಕುರ್ಚಿಯ ಕಡೆ ಗದ್ದ ಎತ್ತಿದಳು. "ಅವರ."

ಅವಳ ಆಚೆ ಕೂತಿದ್ದ ತೆಲಸಂಗದ ಹೆಂಗಸು ಬಾಗಿ ನಮ್ಮನ್ನು ನೋಡಿದಳು. ಅವಳ ಮಗನಿಗೂ ಅದೇ ಮಾತು, ಅಥಣಿಯ ಒಬ್ಬ ದಲಾಲಿಯ ಅಡತಿ ಅಂಗಡಿಯ ಮುಂದೆ, ಹತ್ತು ಜನ ಇದ್ದಾಗ. ಬಳೆ ಅಂತಲೇ. ಸೆರಗು ಅಂತಲೇ. ತಗೋತಾರೋ ಇಲ್ಲೋ ಅನುಮಾನ ಅಂತಲೇ.

ಕಾರ್ಯಕ್ರಮ ಮುಗಿದ ಮೇಲೆ ಹುಡುಗರನ್ನು ಒಪ್ಪಿಸುವಾಗ ಅದೇ ಕಾರಕೂನ ಮೇಜಿನ ಹಿಂದೆ ನಿಂತು ಕೂಗಿದ: "ಸುಬೇದಾರ ಸಾಹೇಬರ ಕಡಿಂದ ಬಂದಾವ್ರು ಈ ಸಾಲಿನ್ಯಾಗ ನಿಲ್ರಿ." ಆಮೇಲೆ ನನ್ನ ಮಗನ ಹೆಸರು ಓದಿದ. ಹದಿನೇಳು ಹುಡುಗರು ಆ ಸಾಲಿನಲ್ಲಿದ್ದರು. ಈ ಹುಡುಗರ ಲೆಕ್ಕ ಬೇರೆ ಯಾಕೆ ಎಂದು ಮೆತ್ತಗೆ ಕೇಳಿದೆ. ಪಾಪ, ನಾನು ಸುಬೇದಾರರ ತಮ್ಮನ ಹೆಂಡತಿ ಎಂದು ಅವನಿಗೆ ಗೊತ್ತಿರಲಿಲ್ಲ. "ಅವರಿಗೂ ತಲಿಗಿಷ್ಟ ಅಂತ ಮುಟ್ಟಸಬೇಕಲ್ರಿ ಬಾಯಾರ. ಬೂಟ, ಅರಿವಿ ಸೈತ ಅವರ ಮನ್ಯಾಗಿಂದ ಬಂದಾವು," ಅಂದ.

ನನಗೆ ಆದ ಅವಮಾನ ದೊಡ್ಡದು ಎಂದು ನಾಲ್ಕು ತಿಂಗಳು ಎದೆಯಲ್ಲಿ ಹೊತ್ತುಕೊಂಡು ತಿರುಗಿದ್ದೆ. ಅದು ನನ್ನೊಬ್ಬಳಿಗೆ ಮಾಡಿದ್ದೂ ಅಲ್ಲ. ಊರೂರು ತಿರುಗಿ ಮಾರುವ ಸರಕು ಅದು. ನನ್ನ ಸಿಟ್ಟಿಗೆ ಬೆಲೆ ಕಟ್ಟಿ ಅವರು ನನಗೇ ಮಾರಿದ್ದರು, ನಾನು ಬಿ.ಎ. ಹಣ ಕೊಟ್ಟು ಕೊಂಡಿದ್ದೆ. ಅದಕ್ಕಾಗಿ ಮಗನನ್ನು ಹುಣ್ಣಿನ ಕಾಲಲ್ಲಿ ತಿರುಗಿ ದಬ್ಬಿದ್ದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು, "ಅಪ್ಪ ಸತ್ತಾಗ ನನಗ ಒಂಬತ್ತ ವರ್ಷ. ನನ್ನ ಓದಿಸಿದಾಂವ ಅಂವ," ಅಂದರು.

"ಗೊತ್ತೈತ್ರಿ. ನೀವೇನೂ ಮಾಡಬ್ಯಾಡ್ರಿ."

ಹೆಚ್ಚುಕಡಿಮೆ ಒಂದು ವರ್ಷ ಕಾದೆ. ಆ ವರ್ಷದಲ್ಲಿ ನಾನು ನಡೆದುಕೊಂಡ ರೀತಿ ಈಗ ನೆನೆದರೆ ನನಗೇ ಬೆರಗು. ಹಬ್ಬಕ್ಕೆ ಅಕ್ಕೋಳಕ್ಕೆ ಹೋದೆ, ಭಾವನಿಗೆ ಅತ್ತೆಯ ಮೂಲಕ ಚಹಾ ಕಳಿಸಿದೆ, ನೆಗೆಣ್ಣಿಯ ಜೊತೆ ಕೂತು ಹಪ್ಪಳ ಮಾಡಿದೆ. ಆ ಕಡೆ ದಿಗ್ಗೇವಾಡಿಗೂ ತೆಲಸಂಗಕ್ಕೂ ಕಾಗದ ಬರೆದೆ, ಏನು ನಡೆಯಿತೋ ಅದನ್ನು ನಿಮ್ಮ ಕೈಯಿಂದ ಬರೆದು ಕಳಿಸಿ ಎಂದು. ದಿಗ್ಗೇವಾಡಿಯವಳಿಗೆ ಬರೆಯಲು ಬಾರದು, ಮಗನ ಕೈಯಿಂದ ಬರೆಸಿ ಹೆಬ್ಬೆಟ್ಟು ಒತ್ತಿ ಕಳಿಸಿದಳು. ತೆಲಸಂಗದವಳು ಮರಾಠಿಯಲ್ಲಿ ಬರೆದಳು. ಎರಡನ್ನೂ ಪೆಟ್ಟಿಗೆಯಲ್ಲಿ ಸೀರೆಯ ಅಡಿ ಇಟ್ಟೆ. ವಾರಕ್ಕೊಮ್ಮೆ ತೆಗೆದು ಓದುತ್ತಿದ್ದೆ. ಅದೊಂದು ರುಚಿ. ಸುಳ್ಳು ಹೇಳುವುದಿಲ್ಲ, ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಆಗ ಸಿಗುತ್ತಿರಲಿಲ್ಲ.

ಮುಂದಿನ ಫಾಲ್ಗುಣದಲ್ಲಿ ನನ್ನ ಗಂಡನ ಚಿಕ್ಕಪ್ಪನ ಮಗಳ ಮದುವೆ ಅಕ್ಕೋಳದಲ್ಲೇ ಆಯಿತು. ಕರಪತ್ರಗಳು ಬರುವ ಕಾಲ. ನಾನು ಕಾಗದಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಮಧ್ಯಾಹ್ನದ ಎರಡನೇ ಪಂಕ್ತಿಗೆ ನಾನು ಹುಗ್ಗಿ ಬಡಿಸುತ್ತಿದ್ದೆ. ಭಾವ ಸಾಲುಗಳ ನಡುವೆ ವಿಚಾರಿಸುತ್ತ ಬಂದರು. ಗಂಡನ ಸೋದರತ್ತೆಯ ಮೊಮ್ಮಗ ಒಬ್ಬ ಅಲ್ಲಿ ಕೂತಿದ್ದ, ದಪ್ಪಗಿನ ಹುಡುಗ, ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡಿದ್ದ. ಭಾವ ಅವನ ಮುಂದೆ ನಿಂತರು.

"ಇವನ ಕೈಗೆ ಬಳಿ ಇಡಸ್ರಿ," ಅಂದರು.

ನಾನು ಹುಗ್ಗಿಯ ಪಾತ್ರೆ ಕೆಳಗಿಟ್ಟೆ. ಸೆರಗು ತಲೆಯಿಂದ ಜಾರಿತು, ಎಳೆದುಕೊಳ್ಳಲಿಲ್ಲ.

"ಭಾವಾರ, ಒಂದ ಮಾತ ಕೇಳ್ತೀನ್ರಿ. ಈ ಹುಡುಗನ ಮ್ಯಾಲ ನಿಮಗ ಎಷ್ಟ ಸಿಗತೈತಿ?"

ಸಾಲಿನಲ್ಲಿ ತಿನ್ನುವ ಕೈಗಳು ನಿಂತವು. ಭಾವ ನನ್ನ ಕಡೆ ನೋಡದೆ ನನ್ನ ಗಂಡನನ್ನು ಹುಡುಕಿದರು. "ನಿನ್ನ ಹೆಂಡತಿಗೆ ಏನಾಗೇತೋ?"

"ಅವರನ್ನ ಯಾಕ ಕೇಳ್ತೀರಿ, ನಾನ ಹೇಳ್ತೀನಿ. ಹ್ವಾದ ವರ್ಷ ನಿಪ್ಪಾಣಿ ಶಿಬಿರದಾಗ ಹದಿನೇಳ ಹುಡುಗರ ನಿಮ್ಮ ಕಡಿಂದ ಬಂದಿದ್ರು. ತಲಿಗಿಷ್ಟ ಅಂತ ನೀವ ತಗೊಂಡ್ರಿ. ಬೂಟ ನೀವ ಮಾರಿದ್ರಿ. ನನ್ನ ಮಗನ ಮ್ಯಾಲ ಎಷ್ಟ ಬಂತ್ರಿ?"

"ಬಾಯಿ ಮುಚ್ಚು," ಅಂದರು. ಮೊದಲ ಬಾರಿ ನನ್ನೊಂದಿಗೆ ನೇರವಾಗಿ ಆಡಿದ ಮಾತು ಅದು.

ನಾನು ಕಾಗದ ತೆಗೆದು ಓದಿದೆ. ತರಗತಿಯಲ್ಲಿ ಐವತ್ತು ಮಕ್ಕಳಿಗೆ ಕೇಳಿಸುವಂತೆ ಓದಿ ರೂಢಿಯಾದ ದನಿ. ದಿಗ್ಗೇವಾಡಿಯದು ಓದಿದೆ. ತೆಲಸಂಗದ್ದನ್ನು ಮರಾಠಿಯಲ್ಲೇ ಓದಿದೆ, ಅಲ್ಲಿ ತಿಳಿಯದವರು ಯಾರೂ ಇರಲಿಲ್ಲ. ಮುರಿದ ಹಲ್ಲು, ಕಟ್ಟಿಗೆಯ ಬಂದೂಕು, ವಾಚಮನ್‌ಗಳು, ನಡೆಯದ ಗಣಿತದ ಪಾಠ, ಎಲ್ಲ ಹೇಳಿದೆ. ನಾಲ್ಕನೆಯ ಎಲೆಯಲ್ಲಿ ಕೂತಿದ್ದ ಒಬ್ಬ ಮುದುಕ, ಉಂಡ ಕೈಯಲ್ಲೇ ಎದ್ದು ನಿಂತ. "ನನ್ನ ಮೊಮ್ಮಗಗೂ ಇದ ಮಾತ ಅಂದಿದ್ಯಲ್ಲೋ ಸುಬೇದಾರ. ನಾ ಎಮ್ಮಿ ಮಾರಿ ಕಳಿಸೀನಿ," ಅಂದ. ಅವನ ಹಿಂದಿನಿಂದ ಯಾರೋ, "ಸುಬೇದಾರ್ರು ಬಳಿ ಅಂಗಡಿ ಇಟ್ಟಾರ ತಗೀಪಾ," ಅಂದರು.

ಆಗ ನಗೆ ಎದ್ದಿತು. ಅದೇ ಬೀಗರು, ಅದೇ ಬಿಜ್ಜರು. ಆ ನಗೆಯಲ್ಲಿ ಭಾವ ಚಪ್ಪರ ದಾಟಿ ಹೊರಗೆ ಹೋಗುವುದನ್ನು ನಾನು ಕಣ್ಣು ತುಂಬ ನೋಡಿದೆ. ಅವರ ಚಪ್ಪಲಿ ಅದಲುಬದಲಾಗಿತ್ತು, ಬೇರೆಯವರದು ಮೆಟ್ಟಿಕೊಂಡು ಹೋದರು. ನಾನು ಪಾತ್ರೆ ಎತ್ತಿಕೊಂಡು ಉಳಿದ ಸಾಲಿಗೆ ಹುಗ್ಗಿ ಬಡಿಸಿದೆ.

ನನ್ನ ಮಗ ಸಾಲಿನ ತುದಿಯಲ್ಲಿ ಕೂತಿದ್ದ. ಅವನ ಎಲೆಗೆ ಬಂದಾಗ ಅವನು ತಲೆ ಎತ್ತಲಿಲ್ಲ. ಕೈ ಅಡ್ಡ ಹಿಡಿದು ಸಾಕು ಅಂದ. ಗೆದ್ದ ಸಂತೋಷದಲ್ಲಿ ನಾನು ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಆ ಬೇಸಿಗೆ ನಮ್ಮ ಕಡೆಯ ಊರುಗಳಿಂದ ಶಿಬಿರಕ್ಕೆ ಹುಡುಗರು ಹೋಗಲಿಲ್ಲ. ಇನ್ನೊಂದು ವರ್ಷ ಹೇಗೋ ಎಳೆದರು, ಆಮೇಲೆ ವಖಾರಿಗೆ ಮತ್ತೆ ತಂಬಾಕು ಬಂತು. ಭಾವನವರನ್ನು ಯಾವ ಮದುವೆಯಲ್ಲೂ ನಡುವಿನ ಕುರ್ಚಿಗೆ ಕೂರಿಸಲಿಲ್ಲ. ಅತ್ತೆ ಸಾಯುವವರೆಗೂ ನನ್ನ ಕೈಯ ನೀರು ಮುಟ್ಟಲಿಲ್ಲ. ನನ್ನ ಗಂಡ ನನ್ನೊಂದಿಗೆ ಎಂದಿನಂತೆಯೇ ಇದ್ದರು, ಆದರೆ ದೀಪಾವಳಿಗೆ ಒಬ್ಬರೇ ಅಕ್ಕೋಳಕ್ಕೆ ಹೋಗಿ ಬರತೊಡಗಿದರು.

ತೊಂಬತ್ತರ ದಶಕದಲ್ಲಿ ಭಾವನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರಾ ಹೋಯಿತು, ಬಾಯಿ ಓರೆಯಾಯಿತು. ನೋಡಲು ನಾನೂ ಹೋದೆ. ಕಟ್ಟಿಗೆಯ ಮಂಚದ ಪಕ್ಕ ಕೂತೆ. ಅವರು ನನ್ನನ್ನು ನೋಡಿ ಏನೋ ಹೇಳಲು ಹವಣಿಸಿದರು, ಮಾತು ಮೂಡಲಿಲ್ಲ. ನೆಗೆಣ್ಣಿ ನನ್ನ ಕೈ ಹಿಡಿದು, "ಮಾಫ್ ಮಾಡೀನಿ ಅಂತ ಒಂದ ಮಾತ ಅನ್ನವಾ. ಅದಕ್ಕ ಜೀವ ಹಿಡದಾರ," ಎಂದು ಅತ್ತಳು. ನಾನು ಚಮಚೆಯಿಂದ ಅವರಿಗೆ ನೀರು ಕುಡಿಸಿದೆ. ಗದ್ದಕ್ಕೆ ಇಳಿದದ್ದನ್ನು ಒರೆಸಿದೆ. ಆ ಮಾತು ಮಾತ್ರ ಅನ್ನಲಿಲ್ಲ. ಮೂರು ವಾರಕ್ಕೆ ಹೋದರು.

ಅಷ್ಟು ಹೊತ್ತಿಗೆ ಮಗ ಓದು ಮುಗಿಸಿ ಭೂಮಾಪನದ ಕೆಲಸಕ್ಕೆ ಸೇರಿದ್ದ. ಊರೂರು ಹೊಲ ಅಳೆದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಒಂದು ರವಿವಾರ ನನ್ನ ಶಾಲೆಯ ಸಹೋದ್ಯೋಗಿ ಶಿಕ್ಷಕಿಯೊಬ್ಬಳು ಬಣ್ಣದ ಪುಸ್ತಿಕೆ ಹಿಡಿದು ಬಂದಳು. ಎಲ್ಲೋ ಗುಡ್ಡದ ಊರಿನಲ್ಲಿ ಬೇಸಿಗೆಯ ಸೈನಿಕ ಶಿಬಿರ, ಕುದುರೆ ಸವಾರಿಯೂ ಉಂಟು, ಶುಲ್ಕ ನಾವು ಕೊಟ್ಟದ್ದರ ಎಷ್ಟೋ ಪಟ್ಟು. ಅವಳ ಹುಡುಗನಿಗೆ ಹನ್ನೆರಡು. ಕಳಿಸಲೋ ಬೇಡವೋ ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ, ಒಳಗಿನ ಕೋಣೆಯಲ್ಲಿ ನಕ್ಷೆ ಮಡಚುತ್ತಿದ್ದ ಮಗ ಹೊರಗೆ ಬಂದ.

"ಮೊದಲ ಹೋಗಿ ನೋಡಿ ಬರ್ರಿ," ಅಂದ. "ಕಲಸಾವ್ರ ಯಾರು, ಡಾಕ್ಟರ ಅದಾನೋ ಇಲ್ಲೋ, ಹುಡುಗ ತನ್ನ ಮಾತಿನ್ಯಾಗ ಕಾಗದ ಬರೀಬಹುದೋ ಇಲ್ಲೋ ಕೇಳ್ರಿ. ನಾ ಒಂದ ತಿಂಗಳದಾಗ ಈಜ ಕಲತೆ. ಅದು ಇವತ್ತಿಗೂ ಉಪಯೋಗ ಐತಿ. ಬ್ಯಾರೆ ಏನೂ ಕಲೀಲಿಲ್ಲ."

"ಹಂಗಾರ ಅಷ್ಟ ರೊಕ್ಕಾ ಕೊಡೂದು ದಂಡ ಅಂತೀಯೇನಪಾ?"

ಅವನು ಪುಸ್ತಿಕೆಯನ್ನು ಸ್ವಲ್ಪ ಹೊತ್ತು ನೋಡಿದ. "ರೊಕ್ಕಾ ನಿಮ್ಮದು, ನಾ ಏನ ಹೇಳ್ಲಿ. ಒಂದ ಕೇಳ್ಕೋರಿ. ನಡುವ ಹುಡುಗ ಬ್ಯಾಡ ಅಂತ ತಿರುಗಿ ಬಂದ್ರ ಮನ್ಯಾಗ ಇಟ್ಕೋತೀರೇನು? ಇಟ್ಕೋತೀವಿ ಅಂದ್ರ ಕಳಸ್ರಿ. ಇಲ್ಲಂದ್ರ ಪುಕ್ಕಟೆ ಇದ್ರೂ ಕಳಸಬ್ಯಾಡ್ರಿ."

ಅವಳು ಹೋದ ಮೇಲೆ ನಾನು ಚಹಾದ ಕಪ್ಪು ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದೆ. "ನನ್ನ ಮ್ಯಾಲ ಸಿಟ್ಟ ಐತೇನೋ?"

"ಐತಿ," ಅಂದ. ದನಿ ಏರಿಸಲಿಲ್ಲ. "ದೊಡ್ಡಪ್ಪನ ಮ್ಯಾಲ ನನಗ ಎಂದೂ ಸಿಟ್ಟ ಬರಲಿಲ್ಲವ್ವಾ. ಅಂವಾ ಯಾರೋ. ನೀ ಬಸ್ಸ ಹತ್ತಿಸಿದಿ." ಆಮೇಲೆ ಮಾಪನದ ಸರಪಳಿ ಚೀಲಕ್ಕೆ ಹಾಕಿಕೊಂಡು, ಮಂಗಳವಾರದ ಬದಲು ಸೋಮವಾರವೇ ಹೊರಡಬೇಕು, ಬುತ್ತಿ ಕಟ್ಟು ಅಂದ.

ಸಹೋದ್ಯೋಗಿ ತನ್ನ ಮಗನನ್ನು ಕೇಳಿದಳಂತೆ, ಅವನು ಕುದುರೆಯ ಆಸೆಗೆ ಹೋಗುತ್ತೇನೆ ಅಂದನಂತೆ, ಕಳಿಸಿದಳು. ಮೇ ತಿಂಗಳಲ್ಲಿ ಒಂದು ಸಂಜೆ ನಾನು ಸ್ಟ್ಯಾಂಡಿನ ಮುಂದೆ ಬದನೆಕಾಯಿ ಆರಿಸುತ್ತಿದ್ದಾಗ ಅವಳು ಮಗನ ಕೈ ಹಿಡಿದು ಬಸ್ಸಿನಿಂದ ಇಳಿದಳು. ಹುಡುಗ ಬಾಳೆಹಣ್ಣು ತಿನ್ನುತ್ತಿದ್ದ, ಟ್ರಂಕು ಅವಳ ತಲೆಯ ಮೇಲಿತ್ತು. ಆರನೆಯ ದಿನಕ್ಕೆ ಬೇಡ ಎಂದು ಫೋನು ಮಾಡಿಸಿದನಂತೆ, ಇವಳು ಅದೇ ದಿನ ಹೊರಟು ಹೋಗಿ ಕರೆತಂದಳಂತೆ.

"ರೊಕ್ಕಾ ತಿರುಗಿ ಕೊಟ್ರೇನ?" ಎಂದು ಕೇಳಿದೆ.

"ಒಂದ ಪೈ ಕೊಡಲಿಲ್ರಿ," ಎಂದು ಅವಳು ನಕ್ಕಳು. ಹುಡುಗನೂ ನಕ್ಕ. ಇಬ್ಬರೂ ಸ್ಟ್ಯಾಂಡು ದಾಟಿ ತಮ್ಮ ಓಣಿಯ ಕಡೆ ನಡೆದರು. ನಾನು ಅವರನ್ನೇ ನೋಡುತ್ತ ನಿಂತೆ. ನನಗೆ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು.